ಕೆಳಗಿನಿಂದ ಮೇಲಕ್ಕೆ ಓದಿದವನು

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ನಮ್ಮ ಮುದ್ರಣಾಲಯದ ಮಾಲೀಕರೇ, ಮುಖ್ಯ ಅತಿಥಿಯಾಗಿ ಬಂದಿರುವ ನಮ್ಮೆಲ್ಲರ ಮೆಚ್ಚಿನ ಲೇಖಕಿಯವರೇ, ಯಂತ್ರ ನಿಲ್ಲಿಸಿ ಬಂದ ಸಹೋದ್ಯೋಗಿಗಳೇ, ಮುಂದಿನ ಸಾಲಿನಿಂದ ‘ಜಾಸ್ತಿ ಎಳೀಬೇಡಿ’ ಎಂದು ಕಣ್ಸನ್ನೆ ಮಾಡುತ್ತಿರುವ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನಿಗೆ ಇಂದು ಬೀಳ್ಕೊಡುಗೆ ಕೊಡುತ್ತಿದ್ದೀರಿ. ಅದರ ಆಹ್ವಾನ ಪತ್ರಿಕೆಯಲ್ಲೇ ಎರಡು ಅಕ್ಷರದೋಷಗಳಿವೆ. ಇರಲಿ ಬಿಡಿ, ಇನ್ನು ಮುಂದೆ ಅದು ನನ್ನ ತಲೆನೋವಲ್ಲ.

ಹೋಗುವ ಮುಂಚೆ ಒಂದು ಗುಟ್ಟು ಹೇಳಬೇಕು. ಕರಡು ತಿದ್ದುವಾಗ ನಾನು ಪುಸ್ತಕವನ್ನು ಕೊನೆಯ ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದೆ. ಯಾಕೆ? ಮೊದಲಿನಿಂದ ಓದಿದರೆ ಕಥೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ತಪ್ಪುಗಳು ಮೆಲ್ಲನೆ ಜಾರಿಕೊಳ್ಳುತ್ತವೆ. ನನ್ನ ಕೆಂಪು ಪೆನ್ನಿನ ಕೀರ್ತಿಗೆಲ್ಲ ಇದೇ ಕಾರಣ.

ನಮ್ಮ ಲೇಖಕಿಯವರ ‘ದೀಪದವಳು’ ಮಾಲೆ ಯಾರಿಗೆ ಗೊತ್ತಿಲ್ಲ ಹೇಳಿ? ಮುನ್ನೂರು ವರ್ಷದ ಹಿಂದಿನ ಅರಮನೆಯಲ್ಲಿ ದೀಪ ಹಚ್ಚುವ ಹೆಂಗಸು, ಯಾವ ಕೋಣೆಯ ದೀಪದಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂದು ನೋಡಿಯೇ ಕೊಲೆಗಾರನನ್ನು ಹಿಡಿಯುವವಳು! ಒಂಬತ್ತೂ ಪುಸ್ತಕಗಳು ನನ್ನ ಮೇಜಿನ ಮೇಲೆ ಹಾದುಹೋದವು. ಕೊಲೆಗಾರ ಯಾರೆಂದು ನನಗೆ ಮೊದಲ ದಿನವೇ ಗೊತ್ತು, ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಊಟಕ್ಕೆ ಕುಳಿತಾಗ ನನ್ನವಳು “ಮಂತ್ರೀನಾ? ಅಡುಗೆಯವನಾ?” ಎಂದು ಕೇಳುತ್ತಾ ನನ್ನ ಮುಖ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

ಪ್ರತಿ ಸಲವೂ ಲೇಖಕಿಯವರು “ಹೇಗಿದೆ ಸರ್?” ಎಂದು ಕೇಳುತ್ತಿದ್ದರು. ನಾನು “ಬಹಳ ಚೆನ್ನಾಗಿದೆ ಮೇಡಂ” ಎನ್ನುತ್ತಿದ್ದೆ. ಎಂಟು ಸಲ ಬಚಾವಾದೆ. ಒಂಬತ್ತನೆಯದಕ್ಕೆ ಅವರು ನನ್ನ ಮೇಜಿನ ಮುಂದೆ ಕುಳಿತೇಬಿಟ್ಟರು. “ಈ ಸಲ ನನಗೇ ಅನುಮಾನ. ಬೇಡ ಅಂದ್ರೆ ಹರಿದು ಹಾಕ್ತೀನಿ. ನಿಜ ಹೇಳಿ.” ನಾನು ಹೇಳಿದ್ದೇನು? “ಒಂಬತ್ತರಲ್ಲಿ ಇದೇ ಮೇಲು!”

ಪುಸ್ತಕ ಹೊರಬಂತು. ಎರಡನೇ ದಿನ ನನ್ನವಳು ಅದನ್ನು ನನ್ನ ಮುಂದೆ ಕುಕ್ಕಿದಳು.

“ಏನ್ರೀ ಇದು? ಹನ್ನೆರಡನೇ ಪುಟಕ್ಕೇ ವೈದ್ಯನ ಬಣ್ಣ ಬಯಲಾಯ್ತು! ಮುನ್ನೂರು ಪುಟದಲ್ಲಿ ದೀಪದವಳು ಒಂದಾದ್ರೂ ದೀಪ ಹಚ್ಚಿದ್ಳಾ? ಇದನ್ನ ಓದಿ ಮೇಲು ಅಂದ್ರಾ?”

“ಓದಿದೆ ಕಣೇ... ಕೆಳಗಿನಿಂದ.”

“ಅಯ್ಯೋ ನಿಮ್ಮ! ಪಾಪ, ಅವರು ನಂಬಿದ್ದು ನಿಮ್ಮನ್ನ!”

ಅವತ್ತೇ ಅದನ್ನು ಮೊದಲಿನಿಂದ ಓದಿದೆ. ಸಪ್ಪೆ, ಸ್ವಾಮೀ, ಸಪ್ಪೆ! ಓದುಗರ ಪತ್ರಗಳು ಕಂತೆ ಕಂತೆಯಾಗಿ ಬಂದವು. ಎಲ್ಲರೂ ಲೇಖಕಿಯವರನ್ನು ಬೈದರು, ನನ್ನನ್ನು ಬೈದವಳು ಒಬ್ಬಳೇ. ಆಮೇಲೆ ನಾಲ್ಕು ವರ್ಷ ಅವರಿಂದ ಸುದ್ದಿಯೇ ಇಲ್ಲ. ಹೋಗಿ ತಪ್ಪೊಪ್ಪಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಮೇಡಂ, ನಿಮ್ಮ ಪುಸ್ತಕ ಸೋತದ್ದರಲ್ಲಿ ನನ್ನ ಪಾಲೂ ಇದೆ. ಎಲ್ಲರ ಎದುರಿಗೆ ಕ್ಷಮೆ ಕೇಳುತ್ತೇನೆ.

ಆದರೆ ಕೇಳಿ. ಆ ನಾಚಿಕೆಯಲ್ಲೇ ಮೊದಲ ಪುಸ್ತಕ ತೆಗೆದೆ, ಬಸ್ಸಿನಲ್ಲಿ ಕುಳಿತು ಒಂದನೇ ಪುಟದಿಂದ ಶುರು ಮಾಡಿದೆ. ಆಹಾ! ನಾನು ಇಳಿಯಬೇಕಾದ ನಿಲ್ದಾಣ ದಾಟಿ ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಗಿ ನಿಂತಿತು, ನನಗೆ ಎಚ್ಚರವೇ ಇಲ್ಲ. ಕೊಲೆಗಾರ ಯಾರೆಂದು ಗೊತ್ತಿದ್ದರೂ ಎದೆ ಡವಡವ! ಎಂಟಕ್ಕೆ ಎಂಟೂ ಹಾಗೆಯೇ. ಇಷ್ಟು ವರ್ಷ ಹಬ್ಬದೂಟದ ಮುಂದೆ ಕುಳಿತು ಬರೀ ಕಲ್ಲು ಆರಿಸಿದ್ದೆನಲ್ಲ!

ಈಗ ಒಳಗೆ ಬರುವಾಗ ಸಭಾಂಗಣದ ಮೆಟ್ಟಿಲ ಬಳಿ ಲೇಖಕಿಯವರು ನನ್ನ ಕಿವಿಯಲ್ಲಿ ಹೇಳಿದರು: “ಹತ್ತನೇದು ಬರೆದು ಮುಗಿಸಿದ್ದೀನಿ ಸರ್. ಚೀಲದಲ್ಲೇ ಇದೆ. ಆದ್ರೆ ಯಾರಿಗೂ ಕೊಡಲ್ಲ. ಇನ್ನೊಂದು ಸಲ ಸೋಲೋ ಶಕ್ತಿ ನನಗಿಲ್ಲ.”

ಮೇಡಂ, ಕಾಲ ಕೆಳಗಿನ ಆ ಚೀಲವನ್ನು ಒಳಗೆ ತಳ್ಳಬೇಡಿ, ನನಗೆ ಕಾಣಿಸುತ್ತಿದೆ! ಇಂದಿನಿಂದ ನಾನು ಕರಡು ತಿದ್ದುವವನಲ್ಲ, ಬರೀ ಓದುಗ. ಕೆಂಪು ಪೆನ್ನನ್ನು ಇಗೋ ಅಧ್ಯಕ್ಷರ ಮುಂದೆ ಇಟ್ಟೆ. ಆ ಹಸ್ತಪ್ರತಿಯ ಕಟ್ಟು ನನಗೆ ಕೊಡಿ. ಒಂದನೇ ಪುಟದಿಂದ ಓದುತ್ತೇನೆ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುತ್ತೇನೆ. ನಾನು ಸುಳ್ಳು ಹೇಳಿದರೆ ಹಿಡಿಯಲು ಮುಂದಿನ ಸಾಲಿನಲ್ಲಿ ಒಬ್ಬರಿದ್ದಾರೆ.

ಓಹೋ, ಚೀಲ ಮೇಲೆ ಬಂತು! ಮಾಲೀಕರೇ, ಸ್ವಲ್ಪ ದಾಟಿಸಿ. ಅಯ್ಯಯ್ಯೋ, ಕೊನೆಯ ಪುಟ ತಿರುಗಿಸಬೇಡಿ! ಕೊಲೆಗಾರ ಯಾರೆಂದು ನನಗೆ ಗೊತ್ತಿಲ್ಲದಿರುವುದು ಇದೇ ಮೊದಲ ಸಲ.

ಕಟ್ಟು ಕೈಗೆ ಬಂತು, ಮಾತು ಮುಗಿಯಿತು. ನಂಬಿದವರಿಗೂ ಬೈದವಳಿಗೂ ಧನ್ಯವಾದ. ನಾನು ಓದಲು ಹೊರಟೆ, ನಮಸ್ಕಾರ.