ಎರಡು ರಿಂಗ್, ಆಮೇಲೆ ಕಟ್

“ಯಾರೂ ಫೋನ್ ಎತ್ತುತ್ತಿಲ್ಲ ರೀ! ಇಷ್ಟೊತ್ತಿಗೆ ಸ್ಕೂಲ್ ಬಸ್ ಬಂದಿರ್ಬೇಕು.”

ಅಮೆರಿಕದ ರಾಲಿ ನಗರದ ಹೋಟೆಲಿನಲ್ಲಿ ಮಗನ ದಾರಿ ಕಾಯುತ್ತ ಕೂತಿದ್ದ ಶಿವಬಸಮ್ಮ, ಕನ್ನಡ ಕೇಳಿದ್ದೇ ತಡ, ಕಿವಿಗೊಟ್ಟರು. ಪಕ್ಕದ ಸೋಫಾದಲ್ಲಿ ಗಂಡ ಹೆಂಡತಿ. ಗಂಡನ ಕೊರಳಲ್ಲಿ ಕಾನ್ಫರೆನ್ಸಿನ ಬ್ಯಾಡ್ಜು. ಎದುರಿನ ಟಿವಿಯಲ್ಲಿ ವಾಷಿಂಗ್ಟನ್ ಸುತ್ತಮುತ್ತ ಅಡಗಿ ಕೂತು ಗುಂಡು ಹೊಡೆಯುವವನ ಸುದ್ದಿ. ಪೊಲೀಸರು ಬಿಳಿ ವ್ಯಾನೊಂದನ್ನು ಹುಡುಕುತ್ತಿದ್ದರು.

“ಮನೇಲಿ ಅಮ್ಮ ಇದ್ದಾರಲ್ಲ, ಶ್ರೀಲಕ್ಷ್ಮಿ.”

“ಇದ್ರೆ ಯಾಕೆ ಎತ್ತಲ್ಲ? ಅನ್ವಿತಾ ಸ್ಟಾಪಿಂದ ಒಬ್ಳೇ ನಡೀಬೇಕು. ಒಂದು ದಿನ ನಿಮ್ಮ ಜೊತೆ ಆರಾಮಾಗಿರೋಣ ಅಂತ ಬಂದ್ನಲ್ಲ, ನನ್ನ ಬುದ್ಧಿಗಿಷ್ಟು!”

“ವಾಷಿಂಗ್ಟನ್ ಹತ್ರ ಇದ್ರೂ ನಮ್ಮ ಕ್ಲಾರ್ಕ್ಸ್‌ಬರ್ಗಲ್ಲಿ ಏನೂ ಆಗಿಲ್ಲ ಕಣೇ. ಫೋನ್ ಹೇಗೆ ಮಾಡ್ತಿದ್ದೀಯ?”

“ಹೇಗೆ ಅಂದ್ರೆ? ಎತ್ತೋ ತನಕ ರಿಂಗ್ ಮಾಡ್ತಿದ್ದೀನಿ.”

“ಅಮ್ಮಂಗೆ ಇಂಗ್ಲಿಷಿನೋರು ಅಂದ್ರೆ ಹೆದರಿಕೆ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು? ಎರಡು ರಿಂಗ್ ಆಗಿ, ಕಟ್ ಆಗಿ, ಮತ್ತೆ ಬಂದ್ರೆ ನಾವು. ಬೇರೆ ಯಾವ ಫೋನೂ ಎತ್ಬೇಡಿ ಅಂತ.”

ಶ್ರೀಲಕ್ಷ್ಮಿ ನಂಬರ್ ತಪ್ಪಾಗಿ ಒತ್ತಿ, ಅಳಿಸಿ, ಮತ್ತೆ ಒತ್ತಿದಳು; ಎರಡು ರಿಂಗಿಗೆ ಕಟ್ ಮಾಡಿ, ಇನ್ನೊಮ್ಮೆ ಮಾಡಿದಳು. ಶಿವಬಸಮ್ಮನೂ ಅತ್ತ ಸರಿದು ಕೂತರು.

“ಅತ್ತೇ! ಅನ್ವಿತಾ ಬಂದ್ಳಾ? ... ದೋಸೆ ತಿಂತಿದ್ದಾಳಾ? ... ಪರದೆ ಎಳೀರಿ ಅತ್ತೆ, ಕಿಟಕಿ ಹತ್ರ ಕೂರಿಸ್ಬೇಡಿ.”

ಅಷ್ಟರಲ್ಲಿ ಬಾಗಿಲ ಮುಂದೆ ವ್ಯಾನ್ ಬಂದು ನಿಂತಿತು.

“ಏಳು, ಏರ್‌ಪೋರ್ಟಿಗೆ ಹೋಟೆಲಿನ ಗಾಡಿ ಬಂತು.”

“ಬಿಳೀದು ರೀ ಅದು.”

ಗಂಡ ನಗಲಿಲ್ಲ. ಒಬ್ಬನೇ ಹೊರಗೆ ಹೋಗಿ, ಬಾಗಿಲು ಸರಿಸಿ, ಸೀಟುಗಳ ಕೆಳಗೂ ಬಗ್ಗಿ ನೋಡಿ, ಆಮೇಲೆ ಅವಳನ್ನು ಕೈಬೀಸಿ ಕರೆದ.