ರಾಕ್ಷಸ ವೇಷದ ಹಾಡುಗಾರ

ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ತೆಲುಗು, ಉರ್ದುವಿನ ನಡುವೆ ಕನ್ನಡ ಕಿವಿಗೆ ಬಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ಜಯತೀರ್ಥರು ಪೇಪರ್ ಮಡಚಿದರು. ಪಕ್ಕದಲ್ಲಿ ಒಬ್ಬ ಅಜ್ಜಿ, ಕಾಲ್‌ಸೆಂಟರ್‌ನ ಬ್ಯಾಡ್ಜ್ ತೊಟ್ಟ ಮೊಮ್ಮಗಳು. ಅಜ್ಜಿ ಒಂದು ಸಿ.ಡಿ.ಯ ಹೊದಿಕೆಯನ್ನು ನೋಡುತ್ತಿದ್ದರು.

“ಮಂದಾರಾ, ಇವ ಯಾಕ ಮುಖಕ್ಕ ಸುಣ್ಣ ಬಳಕೊಂಡಾನ?”

“ಬ್ಲ್ಯಾಕ್ ಮೆಟಲ್ ಅಂತ ಚೀರಿ ಹಾಡೋ ರಾಕ್ ಸಂಗೀತ ಅಜ್ಜಿ, ಅದನ್ನ ಹಾಡಾವ ಇವ. ನಾರ್ವೆ ದೇಶದವ. ಇಂಥ ಮೊದಮೊದಲಿನ ಆಲ್ಬಂ ಕೇಳೇ ಉಳಿದವ್ರು ಹಿಂಗ ಹಾಡೋದು ಕಲ್ತಾರ.”

“ನಿಮ್ಮಪ್ಪ ಇದನ್ನ ಹೊರಗ ಒಗೀತೀನಿ ಅಂದ.”

“ದೆವ್ವದ ಹಾಡಂತ. ನೀನೂ ಹಂಗ ಅಂತೀಯೇನು?”

“ನಮ್ಮಪ್ಪ ದೊಡ್ಡಾಟದಾಗ ರಾಕ್ಷಸ ಆಗತಿದ್ದ. ಹಿಂಗ ಬಣ್ಣ. ಬೆಳಿಗ್ಗೆ ಮುಖ ತೊಳಕೊಂಡು ನನಗ ಜಡಿ ಹಾಕತಿದ್ದ. ನಿಮ್ಮಪ್ಪಗ ನಾ ಹೇಳತೀನಿ. ಕೇಳಸು, ನೋಡೋಣ.”

ಮಂದಾರ ಮೊಬೈಲಿನಲ್ಲಿ ಅದೇ ಆಲ್ಬಂ ಹಚ್ಚಿ ಅಜ್ಜಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು.

“ಬರೇ ಗರಗರ ಅನ್ನಾಕತ್ತೈತಲ್ಲ?”

“ಬೇಕಂತನ ಹಂಗ ರೆಕಾರ್ಡ್ ಮಾಡ್ಯಾರ.”

ಅಷ್ಟರಲ್ಲಿ ಬೇಗಂಪೇಟೆಯ ಬಸ್ಸು ಬಂತು. ಅಜ್ಜಿ ಇಯರ್‌ಫೋನ್ ತೆಗೆಯದೆ ಮೊಮ್ಮಗಳ ಕೈ ಹಿಡಿದು ಹತ್ತಿದರು.

“ಇನ್ನಷ್ಟು ಜೋರ ಇಡವ್ವ. ನಮ್ಮಪ್ಪನ ಮುಂದ ಇವ ಭಾಳ ಸಣ್ಣಗ ಒದರತಾನ.”