ಬಾಲೆಯ ಅರ್ಧ ಮಾತು

ಆ ದೀಪ ಸ್ವಲ್ಪ ತಗ್ಗಿಸಿ. ಹಾಂ... ಸಾಕು. ಇದು ಯಾರೋ ಎಲ್ಲೋ ಕೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು.

ಅವನು ಫ್ಲೆಕ್ಸ್ ಪ್ರಿಂಟ್ ಮಾಡೋ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ಆ ರಾತ್ರಿ ಅಂಗಡಿ ಬಾಗಿಲು ಎಳೆದು, ಹಳೇ ಬಾವಿ ದಾರಿಯಲ್ಲಿ ಮನೆ ಕಡೆ ನಡೀತಿದ್ದ. ಬಾವಿ ಬತ್ತಿ ಎಷ್ಟೋ ಕಾಲ ಆಗಿದೆ, ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಬೀದಿದೀಪ ಟಿಣ್... ಟಿಣ್... ಅಂತ ಹತ್ತಿ ಆರ್ತಿತ್ತು. ಇವನಿಗೆ ಹೆದರಿಕೆಗಿದರಿಕೆ ಏನೂ ಇರಲಿಲ್ಲ. ಸಿಟ್ಟಿಗೆ ಮೈಯೆಲ್ಲ ಉರೀತಿತ್ತು.

ಯಾಕೆ ಅಂದ್ರೆ, ಮಾರನೇ ದಿನ ಬಾಲೆಯ ನೆನಪಿನ ಸಭೆ.

ಬಾಲೆ ಅಂದ್ರೆ ಹುಡುಗಿ ಅಲ್ಲ. ನಮ್ಮ ಬೀದಿಯ ಹುಡುಗ, ಇವನ ಜೀವದ ಗೆಳೆಯ. ಅವನ ನಾಲಿಗೆಗೆ 'ಳ' ತಿರುಗ್ತಾನೇ ಇರಲಿಲ್ಲ. ಬಾಳೆಹಣ್ಣಿಗೆ ಬಾಲೆಹಣ್ಣು ಅಂತಿದ್ದ, ಅಲ್ಲಿಗೆ ಹೆಸರು ಬಿತ್ತು. ಇನ್ನು 'ಹೇಳು' ಅನ್ನೋಕೆ ಹೋದ್ರೆ ಏನಾಗ್ತಿತ್ತು, ನೀವೇ ಊಹಿಸಿಕೊಳ್ಳಿ! ಒಂದ್ಸಲ ಕ್ಲಾಸಲ್ಲಿ ಎದ್ದು ನಿಂತು "ಸಾರ್, ಇವನಿಗೆ ಸುಮ್ನಿರೋಕೆ ಹೇಲಿ" ಅಂದುಬಿಟ್ಟ. ಮೇಷ್ಟ್ರೇ ಪುಸ್ತಕ ಮುಖಕ್ಕೆ ಅಡ್ಡ ಹಿಡ್ಕೊಂಡು ನಕ್ಕಿದ್ರು.

ಅವನು ಸೈನ್ಯ ಸೇರಿದ. ಯುದ್ಧ ಶುರುವಾಯ್ತು. ಮೀಸೆ ಸರಿಯಾಗಿ ಮೂಡೋ ಮುಂಚೆ ಪೆಟ್ಟಿಗೆಯಲ್ಲಿ ವಾಪಸ್ ಬಂದ. ಪೆಟ್ಟಿಗೆಗೆ ಮೊಳೆ ಹೊಡೆದಿದ್ರು, ತೆಗೀಬೇಡಿ ಅಂದ್ರು. ಅವನ ತಾಯಿ, ಅಂಗಡಿಯವರ ಶರ್ಟುಗಳಿಗೆ ಗುಂಡಿ ಹೊಲಿದು ಒಬ್ಬಳೇ ಅವನನ್ನ ಸಾಕಿದವಳು, ಕೇಳಿದ್ದು ಒಂದೇ ಪ್ರಶ್ನೆ. "ಕೊನೆಗೆ ಏನಾದ್ರೂ ಅಂದ್ನಾ?" ನಮ್ಮ ಚಿಕ್ಕಪ್ಪನ ಮಗ ಎದುರಿಗೆ ಸಿಕ್ಕಿದಾಗೆಲ್ಲ ಮತ್ತೆ ಅದೇ. "ನಿಂಗೇನಾದ್ರೂ ಹೇಳಿದ್ನೇನಪ್ಪಾ?" ಇವನು ತಲೆ ತಗ್ಗಿಸಿಕೊಂಡು ಬರ್ತಿದ್ದ.

ಆ ಸಂಜೆ ಸಭೆಯ ಅಧ್ಯಕ್ಷರು ಅಂಗಡಿಗೆ ಬಂದು ಕುರ್ಚಿ ಎಳ್ಕೊಂಡು ಕೂತಿದ್ರು. ಕಂಪ್ಯೂಟರಿನಲ್ಲಿ ಬಾಲೆಯ ಫೋಟೋ.

"ಮೀಸೆ ಹಾಕಯ್ಯ."

"ಅವನಿಗೆ ಮೀಸೆ ಇರಲಿಲ್ಲ ಸಾರ್."

"ಈಗ ಇರ್ಲಿ. ವೀರ ಅಂದ್ಮೇಲೆ ಇಷ್ಟು ಹಸುಳೆ ಥರ ಇದ್ರೆ ಆಗುತ್ತಾ?"

ಬೇರೆ ಯಾರದೋ ಮೀಸೆ ಕತ್ತರಿಸಿ ಅಂಟಿಸಿದ. ಕೆಳಗೆ 'ವೀರನ ಕೊನೆಯ ಮಾತು' ಅಂತ ಹಾಕಿ, ಅಧ್ಯಕ್ಷರೇ ಬಾಯಲ್ಲಿ ಹೇಳಿ ಬರೆಸಿದ್ರು: 'ಅಳಬೇಡ, ಕೇಳು ತಾಯೇ! ನಿನ್ನ ನಾಳೆಗಳಿಗಾಗಿ ಈ ಬಾಳು ಮೀಸಲು!'

ಇಷ್ಟೊಂದು ಳ! ಬಾಲೆಯ ಬಾಯಲ್ಲಿ!

"ಇದನ್ನ ಯಾರು ಕೇಳಿಸ್ಕೊಂಡ್ರು ಸಾರ್?"

"ಕೇಳಿಸ್ಕೊಳ್ಳೋದೇನು ಬಂತು? ಇನ್ನೇನು ಅಂದಿರ್ತಾನೆ?"

ಇವನಿಗೆ ರೇಗಿಹೋಯ್ತು. ಹೊಟ್ಟೆಪಾಡು ನೋಡಿ... ಹಲ್ಲು ಕಚ್ಚಿಕೊಂಡು ಪ್ರಿಂಟ್ ಕೊಟ್ಟ.

ಅದನ್ನೇ ಗೊಣಗ್ತಾ ಬಾವಿ ದಾಟಿದ. ಹಿಂದೆ... ಕರಕ್. ಜಲ್ಲಿಕಲ್ಲಿನ ಮೇಲೆ ಬೂಟು ಊರಿದ ಸದ್ದು. ಇವನು ನಿಂತ. ಸದ್ದೂ ನಿಂತಿತು. ಮತ್ತೆ ಹೆಜ್ಜೆ ಇಟ್ಟ. ಕರಕ್... ಕರಕ್...

"ತಾಲೋ..."

ಪಿಸುಮಾತು. ಕಿವಿ ಪಕ್ಕದಲ್ಲೇ. ತಾಳೋ ಅನ್ನೋಕೆ ಹಾಗೆ ಅಂತಿದ್ದವನು ಒಬ್ಬನೇ. ಇವನು ತಿರುಗಲಿಲ್ಲ. ತಿರುಗೋಕೆ ಕುತ್ತಿಗೆ ಬರಲಿಲ್ಲ.

"ಬಾಲೆ?"

"ಹೂಂ."

"ಏನೋ?"

ಓಡಿ ಬಂದವನ ಏದುಸಿರು... ಆಮೇಲೆ, "ಅಮ್ಮಂಗೆ ಹೇಲು..."

ಇವನು ನಕ್ಕುಬಿಟ್ಟ!

ಏನ್ ಮಾಡ್ತೀರಿ. ಆ ಮಾತು ಕಿವಿಗೆ ಬಿದ್ರೆ ನಗು ತಾನಾಗೇ ಬರ್ತಿತ್ತು, ಚಿಕ್ಕಂದಿನಿಂದ ಹಾಗೇ. ಮೈ ನಡುಗ್ತಿದೆ, ಕಣ್ಣಲ್ಲಿ ನೀರು ಸುರೀತಿದೆ, ಆದ್ರೂ ಹೊಟ್ಟೆ ಹಿಡ್ಕೊಂಡು ನಗ್ತಿದಾನೆ. ಆ ನಗುವಿನ ಮಧ್ಯೆ ಬಾಲೆ ಏನೋ ಅಂದ. ಸಾಕಷ್ಟು ಉದ್ದಕ್ಕೇ ಅಂದ. ಇವನಿಗೆ ಕೇಳಿಸಿದ್ದು ತನ್ನ ನಗು ಮಾತ್ರ.

"ಏನಂದೆ? ಲೋ... ಇನ್ನೊಂದ್ಸಲ ಹೇಳೋ!"

ಕರಕ್... ಕರಕ್... ಸದ್ದು ಬಾವಿ ಕಡೆ ಹೋಯ್ತು. ನಿಂತೇ ಹೋಯ್ತು.

ಅಲ್ಲಿಂದ ಸೀದಾ ಆ ತಾಯಿಯ ಮನೆಗೆ ಓಡಿದ. ಅವಳಿನ್ನೂ ಸೂಜಿ ಹಿಡ್ಕೊಂಡು ಕೂತಿದ್ಲು. ಏದುಸಿರು ಬಿಡ್ತಾ ಎಲ್ಲಾ ಹೇಳಿದ.

"ಹೇಲು ಅಂದ್ನಾ?" ಅಂದವಳು ಬಾಯಿಗೆ ಅಂಗೈ ಒತ್ತಿ ನಕ್ಕಳು. ಪೆಟ್ಟಿಗೆ ಬಂದ ಮೇಲೆ ಅವಳು ನಕ್ಕಿದ್ದನ್ನ ನಾವ್ಯಾರೂ ನೋಡಿರಲಿಲ್ಲ. "ಅವನೇ ಕಣೋ... ನನ್ನ ಮಗನೇ. ಆಮೇಲೆ? ಆಮೇಲೆ ಏನಂದ?"

"ಆಮೇಲೆ... ನಾನು ನಕ್ಕುಬಿಟ್ಟೆ ಅಮ್ಮಾ. ಕೇಳಿಸಲಿಲ್ಲ."

ಛಟೀರ್ ಅಂತ ಕೆನ್ನೆಗೆ ಬಿತ್ತು. ಬಾರಿಸಿದ ಕೈಯೇ ಆ ಕೆನ್ನೆ ಸವರಿತು. "ಥೂ, ನಿಮ್ಮ ಹಾಳು ನಗುವಿಗಿಷ್ಟು! ಅಷ್ಟು ದೂರದಿಂದ ಬಂದಿದಾನೆ... ಒಂದು ಮಾತು ಕೇಳಿಸ್ಕೊಳ್ಳೋಕೆ ಆಗ್ಲಿಲ್ವೇನೋ ನಿಂಗೆ?"

ಸಭೆ ಆಯ್ತು. ಮೀಸೆಯ ಫ್ಲೆಕ್ಸ್ ಬೀದಿ ತುದಿಯಲ್ಲಿ ಪಟಪಟ ಅಂತ ಬಡ್ಕೊಂಡಿತು, ಅಧ್ಯಕ್ಷರು ಆ ಕೊನೆಯ ಮಾತನ್ನ ಮೈಕಿನಲ್ಲಿ ಗಂಟಲು ಹರ್ಕೊಂಡು ಓದಿದ್ರು. ತಾಯಿ ಆ ಕಡೆ ತಲೆ ಹಾಕಲಿಲ್ಲ. ಅವತ್ತಿಂದ ರಾತ್ರಿಯಾದ್ರೆ ಅವಳೂ ಇವನೂ ಬಾವಿಕಟ್ಟೆ ಮೇಲೆ. ಒಂದು ಹೆಜ್ಜೆ ಇಲ್ಲ, ಒಂದು ಉಸಿರಿಲ್ಲ. ಇವನು ತನ್ನ ಬಾಯಿಗೆ ತಾನೇ ಹೊಡ್ಕೊಂಡಿದ್ದೂ ಉಂಟು.

ಇದೇನು ಹುಚ್ಚಾಟ, ನೋಡೋಣ ಅಂತ ಒಂದು ರಾತ್ರಿ ನಾನೂ ಹೋದೆ. ಮೈ ಕೊರೆಯೋ ಚಳಿ. ಕಟ್ಟೆಯ ಆ ಕಡೆ ತಾಯಿ, ಈ ಕಡೆ ಇವನು, ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ರು. ಆ ತಾಯಿ ಕತ್ತಲಿಗೆ ಮುಖ ಕೊಟ್ಟು ಪಿಸುಗುಟ್ಟಿದ್ಲು:

"ನಾನು ನಗಲ್ಲ ಕಣೋ... ಹೇಲು."

ಬೇಕಂತಲೇ ಅವನ ಥರಾನೇ ಅಂದ್ಲು.

ಕಾದ್ವಿ. ಕಾದ್ವಿ... ಏನೂ ಇಲ್ಲ. ನನಗೇ ತಡೀಲಿಲ್ಲ. "ಬಂದವನಿಗೆ ಇನ್ನೊಂದು ಮಾತಾಡೋಕೆ ಏನು ಕಷ್ಟ!" ಅಂತ ಕತ್ತಲಿಗೇ ಬೈದು, ಇಬ್ಬರನ್ನೂ ಎಬ್ಬಿಸಿದೆ. ಏಳುವಾಗ ಆ ತಾಯಿ ಮುಗ್ಗರಿಸಿದ್ಲು. ಅವಳನ್ನ ಹಿಡಿಯೋಕೆ ಬಗ್ಗಿ, ಮಧ್ಯದ ಖಾಲಿ ಜಾಗದ ಮೇಲೆ ಕೈ ಊರಿದೆ.

ಸುಳ್ಳು ಹೇಳಿ ನನಗೇನಾಗ್ಬೇಕು? ಈ ಅಂಗೈಯಲ್ಲೇ ಮುಟ್ಟಿದೀನಿ. ಅಲ್ಲಿ ಯಾರೂ ಕೂತಿರಲಿಲ್ಲ... ಕಲ್ಲು ಬೆಚ್ಚಗಿತ್ತು.